ಬಾಣಂತನ ಮಾಡಿದವರು ಯಾರು?

ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ ಎಲ್ಲಾ ಕಡೆ ಕಾಣುತ್ತದೆ. ಬೇಕರಿಯ ಗಾಜಿನೊಳಗೆ ಪ್ಲಮ್ ಕೇಕ್, ಬಟ್ಟೆ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಮರ, ಎಲ್‌ಕೆಜಿ ಮಕ್ಕಳ ತಲೆ ಮೇಲೆ ಕೆಂಪು ಟೋಪಿ. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ದೀಪ ನೋಡುವುದಕ್ಕೇ ಜನ ಬರುತ್ತಾರೆ. ನನಗೆ ಇದರ ಬಗ್ಗೆ ಬೇಸರ ಇಲ್ಲ. ಊರಿಗೆ ಊರೇ ಒಂದು ಹಬ್ಬದ ಖುಷಿಯಲ್ಲಿದ್ದರೆ ಒಳ್ಳೆಯದೇ ಅಲ್ವಾ? ಆದರೆ ಆ ಟೋಪಿ ಹಾಕಿಕೊಂಡ ಮಗುವನ್ನು ಕ್ರಿಸ್ಮಸ್ ಅಂದರೇನು ಅಂತ ಕೇಳಿದರೆ ಸಾಂತಾ ಬರುತ್ತಾನೆ, ಗಿಫ್ಟ್ ಕೊಡುತ್ತಾನೆ ಅನ್ನುತ್ತದೆ. ದೊಡ್ಡವರನ್ನು ಕೇಳಿದರೆ ಯೇಸು ಹುಟ್ಟಿದ ದಿನ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಒಬ್ಬ ಮಹಾತ್ಮರ ಹುಟ್ಟಿದ ದಿನ ಅಂದರೆ ಸರ್ಕಾರಿ ರಜೆ, ಒಂದು ಭಾಷಣ, ಒಂದು ಹಾರ. ನಾವು ಕ್ರೈಸ್ತರು ಸುವಾರ್ತೆ, ಅಂದರೆ ಒಳ್ಳೆಯ ಸುದ್ದಿ, ಅನ್ನುತ್ತೇವಲ್ಲ, ಅದು ಇಷ್ಟೇ ಆಗಿದ್ದರೆ ಎರಡು ಸಾವಿರ ವರ್ಷ ಅದನ್ನು ಹೊತ್ತು ತಿರುಗುವ ಅಗತ್ಯ ಇರಲಿಲ್ಲ.

ನಮ್ಮ ಚರ್ಚಿನ ಸಭೆಯೊಳಗೂ ಹೀಗೇ. ಕ್ರಿಸ್ಮಸ್ಸಿಗೆ ಮುಂಚಿನ ವಾರಗಳಾದ ಅಡ್ವೆಂಟಿನ ಮೊದಲ ಭಾನುವಾರದಿಂದಲೇ ಓಡಾಟ ಶುರು. ಭಾನುವಾರ ಶಾಲೆಯ ಮಕ್ಕಳ ನಾಟಕ, ಯುವಕರ ಕ್ಯಾರಲ್ಸ್, ಮಹಿಳಾ ಸಂಘದ ಕಾರ್ಯಕ್ರಮ, ಸೌಂಡ್ ಸಿಸ್ಟಮ್‌ನವರಿಗೆ ಅಡ್ವಾನ್ಸ್, ಊಟದ ಲೆಕ್ಕ. ಎಲ್ಲಾ ಪ್ರೀತಿಯಿಂದಲೇ ಮಾಡುತ್ತಾರೆ. 25ನೇ ತಾರೀಖು ಮಧ್ಯಾಹ್ನ ಬಿರಿಯಾನಿ ಉಂಡು ಎಲ್ಲರೂ ಸುಸ್ತಾಗಿ ಮಲಗುತ್ತಾರೆ. ಇಷ್ಟು ಹಾಡು, ಇಷ್ಟು ಬೆಳಕು, ಇಷ್ಟು ಅಡುಗೆಯ ನಡುವೆ ಆ ಸುದ್ದಿ ಯಾರಿಗಾದರೂ ನಿಜವಾಗಿ ಮುಟ್ಟಿತಾ? ಮುಟ್ಟಿದ್ದರೆ ಹೇಗೆ? ಈ ಪ್ರಶ್ನೆ ವರ್ಷವರ್ಷವೂ ನನ್ನನ್ನು ಕಾಡುತ್ತದೆ. ಉತ್ತರ ಹುಡುಕಿದಾಗೆಲ್ಲಾ ನನಗೆ ಒಬ್ಬ ಅಜ್ಜಿಯ ನೆನಪು ಬರುತ್ತದೆ. ಆಕೆ ಕ್ರೈಸ್ತಳಲ್ಲ.

ನೇಕಾರರ ಓಣಿಯ ಅಜ್ಜಿ

ನಾನು ಬೆಳೆದದ್ದು ಗದಗಿನ ಪಕ್ಕದ ಬೆಟಗೇರಿಯಲ್ಲಿ. ಮಗ್ಗದ ಸಪ್ಪಳ ಕೇಳುತ್ತಲೇ ಮಲಗಿ, ಕೇಳುತ್ತಲೇ ಏಳುವ ಓಣಿ ನಮ್ಮದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, ಆಮೇಲೆ 1841ರಲ್ಲಿ ಬೆಟಗೇರಿಗೆ ಬಂದರು. ಹಾಗಾಗಿ ನಮ್ಮ ಸಭೆ ಹಳೆಯದು. ಕ್ಯಾರಲ್ಸ್ ಅಂದರೆ ಆಗ ಗಿಟಾರ್ ಇಲ್ಲ. ಒಂದು ಹಾರ್ಮೋನಿಯಂ, ಒಂದು ತಬಲಾ, ತಾಳ, ಮುಂದೆ ಒಬ್ಬರ ಹೆಗಲ ಮೇಲೆ ಗ್ಯಾಸ್‌ಲೈಟು. ಸಭೆಯವರ ಮನೆಗಳಿಗೆ ಹೋಗುವಾಗ ನಡುವೆ ಬೇರೆಯವರ ಮನೆಗಳೂ ಬರುತ್ತಿದ್ದವು. ಅವರೂ ಕಟ್ಟೆಗೆ ಬಂದು ಕೂತು ಕೇಳುತ್ತಿದ್ದರು. ನಮ್ಮ ಗುಂಪಿನ ಹಿರಿಯರು ಒಬ್ಬ ಶಾಲಾ ಮಾಸ್ತರರು. ಪ್ರತಿ ನಿಲುಗಡೆಯಲ್ಲೂ ಒಂದು ಹಾಡು ಆದ ಮೇಲೆ ಬೈಬಲಿನಲ್ಲಿ ಮರಿಯಳು ಯೇಸುವನ್ನು ಹೆತ್ತ ಕಥೆ ಇರುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆದು ಗಟ್ಟಿಯಾಗಿ ಓದುತ್ತಿದ್ದರು. ಚಳಿಯಲ್ಲಿ ನಿಂತ ನಮಗೆ ಯಾವಾಗ ಮುಗಿಯುತ್ತದೋ, ಯಾವಾಗ ಚಹಾ ಬರುತ್ತದೋ ಅನ್ನಿಸುತ್ತಿತ್ತು.

ಒಂದು ರಾತ್ರಿ ಓದು ಮುಗಿದ ಮೇಲೆ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ಮಾಸ್ತರರನ್ನು ತಡೆದಳು. ಸೆರಗು ಹೊದ್ದುಕೊಂಡು, ತಲೆ ಒಂದು ಕಡೆ ವಾಲಿಸಿ, ಲೆಕ್ಕ ತಪ್ಪಿದ್ದನ್ನು ಹಿಡಿದವಳ ಹಾಗೆ ಕೇಳಿದಳು: “ಅಲ್ರೀ ಮಾಸ್ತರ್ರ, ಆಕಿ ಬಾಣಂತನ ಯಾರು ಮಾಡಿದ್ರು?”

ಮಾಸ್ತರರಿಗೆ ಮೊದಲು ಗೊತ್ತಾಗಲಿಲ್ಲ. ಅಜ್ಜಿ ಬಿಡಿಸಿ ಕೇಳಿದಳು. ಚೊಚ್ಚಲ ಹೆರಿಗೆ ಅಂತೀರಿ. ತವರುಮನಿ ಬಿಟ್ಟು ಬಂದಾಳ ಅಂತೀರಿ. ತಾಯಿ ಬಂದಿದ್ದಳೇನು? ಸೂಲಗಿತ್ತಿ ಯಾರು? ಬಿಸಿನೀರು ಕಾಸಿದವರು ಯಾರು? ಮಾಸ್ತರರು ಪುಸ್ತಕವನ್ನು ಮತ್ತೆ ಗ್ಯಾಸ್‌ಲೈಟಿನ ಹತ್ತಿರ ಹಿಡಿದರು. ಓದಿದ್ದನ್ನೇ ಇನ್ನೊಮ್ಮೆ, ಈ ಸಲ ನಿಧಾನವಾಗಿ, ಒಬ್ಬಳಿಗಾಗಿಯೇ ಓದಿದರು. ಸೂಲಗಿತ್ತಿಯ ಮಾತು ಅಲ್ಲಿಲ್ಲ. ತಾಯಿಯ ಮಾತೂ ಇಲ್ಲ. ಆಕೆಯೇ ಹೆತ್ತು, ಆಕೆಯೇ ಬಟ್ಟೆಯಲ್ಲಿ ಸುತ್ತಿ, ಆಕೆಯೇ ದನ ಮೇವು ತಿನ್ನುವ ಗೋದಲಿಯಲ್ಲಿ ಮಲಗಿಸಿದಳು ಅಂತ ಇದೆ. “ಅವಳ ಮಾಡಿಕೊಂಡಾಳ ಆಯಿ, ಇಲ್ಲಿ ಬ್ಯಾರೆ ಯಾರದೂ ಹೆಸರಿಲ್ಲ” ಅಂದರು.

“ಹಸೀ ಬಾಣಂತಿ…” ಅಂದಳು ಅಜ್ಜಿ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ದೇವರಿಗೆ ಹುಟ್ಟಾಕ ಬ್ಯಾರೆ ಮನಿ ಸಿಗಲಿಲ್ಲೇನು? ಇಂಥಾದ್ರಾಗ ಯಾಕ ಬಂದ?” ಅಂತ ಕೇಳಿದಳು.

ಇವತ್ತಿಗೂ ನನಗೆ ಅನ್ನಿಸುವುದು, ಕ್ರಿಸ್ಮಸ್ಸಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೊಂದೇ. ಎಷ್ಟು ಪ್ರಸಂಗ ಕೇಳಿದ್ದೇವೆ, ಎಷ್ಟು ಸಲ ಆ ಅಧ್ಯಾಯ ಓದಿದ್ದೇವೆ. ಮರಿಯಳು ಹೆರಿಗೆಯಾದ ಹೆಂಗಸು ಅನ್ನುವುದೇ ನಮಗೆ ಮರೆತು ಹೋಗಿರುತ್ತದೆ. ಕ್ರಿಸ್ಮಸ್ಸಿಗೆ ನಾವು ಗೊಂಬೆ ಇಟ್ಟು ಮಾಡುವ ಗೋದಲಿಯಲ್ಲಿ ಆಕೆ ನೀಲಿ ಬಟ್ಟೆ ಹೊದ್ದು ಕೈ ಮುಗಿದು ಮಂಡಿಯೂರಿ ಕೂತಿರುತ್ತಾಳೆ. ಹೆತ್ತ ರಾತ್ರಿ ಯಾರಾದರೂ ಮಂಡಿಯೂರಿ ಕೂರುತ್ತಾರಾ? ನಜರೇತಿನಿಂದ ಬೇತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಖಾನೇಷುಮಾರಿಗೆ ಹೆಸರು ಬರೆಸಬೇಕು ಅಂತ ದಿನ ತುಂಬಿದ ಹೆಂಗಸು ಅಷ್ಟು ದೂರ ಬಂದಿದ್ದಾಳೆ. ಇಳಿದುಕೊಳ್ಳಲು ಜಾಗ ಇಲ್ಲ. ಎಣ್ಣೆ ಹಚ್ಚುವವರಿಲ್ಲ, ಲೋಬಾನ ಹಾಕುವವರಿಲ್ಲ, ಅಳ್ವಿ ಪಾಯಸ ಕುದಿಸಿ ಕೊಡುವವರಿಲ್ಲ, ಮಗುವಿಗೆ ಕುಲಾವಿ ಹೊಲಿದವರಿಲ್ಲ. ಎಷ್ಟೋ ಮಕ್ಕಳನ್ನು ಕೈಯಲ್ಲಿ ಹಿಡಿದ ಆ ಅಜ್ಜಿಗೆ ಒಂದೇ ಓದಿನಲ್ಲಿ ಇದೆಲ್ಲಾ ಕಂಡಿತು.

ಮುಂದಿನ ವರ್ಷ ಅಜ್ಜಿ ನಮಗಾಗಿ ಕಾದಿದ್ದಳು. ಆ ಸಲ ಮಾಸ್ತರರು ಮತ್ತಾಯನ ಸುವಾರ್ತೆಯಿಂದ ನಕ್ಷತ್ರ ನೋಡಿಕೊಂಡು ಜೋಯಿಸರು ಕೂಸಿಗೆ ಕಾಣಿಕೆ ತಂದ ಭಾಗವನ್ನೂ ಓದಿದರು. ಚಿನ್ನ, ಧೂಪ, ರಕ್ತಬೋಳ. “ಬೋಳ ತಂದ್ರೇನು?” ಅಂತ ಅಜ್ಜಿಯ ಮುಖ ಅರಳಿತು. “ಛಲೋ ಆತು. ಬಾಣಂತಿಗೆ ಬೇಕಾದದ್ದು ತಂದ್ರು ನೋಡು.” ನಮ್ಮ ಕಡೆ ಬಾಣಂತಿಗೆ ಬೋಳ ಕೊಡುವ ರೂಢಿ ಇದೆ. ರಕ್ತಬೋಳ ಅಂದರೆ ಯೇಸುವಿನ ಮರಣಕ್ಕೆ, ಸಮಾಧಿಗೆ ಗುರುತು ಅಂತಲೇ ನಾವು ಪ್ರಸಂಗಗಳಲ್ಲಿ ಕೇಳಿಕೊಂಡು ಬಂದಿದ್ದೇವೆ. ಅದೂ ಸರಿಯೇ. ಅಜ್ಜಿ ಮಾತ್ರ ಮೊದಲು ಆ ತಾಯಿಯ ಮೈಗೆ ಆರಾಮ ಸಿಕ್ಕಿತಲ್ಲ ಅಂತ ಸಮಾಧಾನಪಟ್ಟಳು. ಅದನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಈ ಸಂಗತಿ ಹೇಳಿದಾಗೆಲ್ಲಾ ನಮ್ಮವರಲ್ಲಿ ಯಾರಾದರೂ ಕೇಳುತ್ತಾರೆ: ಆಮೇಲೆ ಆಕೆ ಚರ್ಚಿಗೆ ಬಂದಳಾ? ಇಲ್ಲ, ಬರಲಿಲ್ಲ. ತನ್ನ ದೇವರ ಪೂಜೆ ಬಿಡಲೂ ಇಲ್ಲ. ಆದರೆ ದೇವರು ಯಾಕೆ ಇಂಥ ಕಡೆ ಬಂದ ಅಂತ ಆಕೆ ಯೋಚನೆ ಮಾಡಿದಳು. ಬಾಗಿಲಿಗೆ ಬಂದ ಆ ಮಾತನ್ನು ತನ್ನ ಜೀವನದ ಪಕ್ಕ ಇಟ್ಟು ತೂಗಿ ನೋಡಿದಳು. ಸುದ್ದಿ ಮುಟ್ಟುವುದು ಅಂದರೆ ಹೀಗೆ ಅಂತ ನಾನು ನಂಬುತ್ತೇನೆ. ಅದರಿಂದ ಮುಂದಿನದು ದೇವರಿಗೂ ಆಕೆಗೂ ಬಿಟ್ಟದ್ದು.

ಮೊದಲು ಕೇಳಿದವರು, ಕೇಳಿಯೂ ಹೋಗದವರು

ಲೂಕ ಬರೆದದ್ದನ್ನು ನೋಡಿ. ದೂತ ಮೊದಲು ಬಂದದ್ದು ಹೊಲದಲ್ಲಿ ರಾತ್ರಿ ಕುರಿ ಕಾಯುತ್ತಿದ್ದ ಕುರುಬರ ಹತ್ತಿರ. ಉತ್ತರ ಕರ್ನಾಟಕದವರಿಗೆ ಈ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬುತ್ತಾರೆ. ಸುತ್ತಲೂ ಬಲೆ ಕಟ್ಟಿ, ಕಂಬಳಿ ಹೊದ್ದು, ತೋಳದ ಭಯಕ್ಕೆ ಒಬ್ಬರಾದ ಮೇಲೆ ಒಬ್ಬರು ಎದ್ದು ಕೂರುತ್ತಾರೆ. ಊರಿನ ಹಬ್ಬ, ಜಾತ್ರೆ, ಮದುವೆ ಅವರಿಗೆ ಸಿಗುವುದು ಕಡಿಮೆ. ಹಟ್ಟಿ ಬಿಟ್ಟು ಬರುವ ಹಾಗಿಲ್ಲ. ಅಂಥವರು ಇದ್ದ ಕಡೆಗೇ ಸುದ್ದಿ ಹೋಯಿತು. ಹೆದರಬೇಡಿ ಅಂದ ದೂತ, ನಿಮಗೋಸ್ಕರ ಒಬ್ಬ ರಕ್ಷಕ ಹುಟ್ಟಿದ್ದಾನೆ ಅಂದ. ಗುರುತು ಏನು ಅಂದರೆ, ಬಟ್ಟೆ ಸುತ್ತಿ ಗೋದಲಿಯಲ್ಲಿ ಮಲಗಿಸಿದ ಕೂಸು. ಅರಮನೆಯ ಗುರುತು ಕೊಟ್ಟಿದ್ದರೆ ಅವರನ್ನು ಕಾವಲಿನವರು ಬಾಗಿಲಲ್ಲೇ ತಡೆಯುತ್ತಿದ್ದರು. ಗೋದಲಿಯ ಹತ್ತಿರ ಹೋಗಲು ಕುರಿ ಕಾಯುವವರಿಗೆ ಯಾರ ಅಪ್ಪಣೆಯೂ ಬೇಡ. ಹೋದರು, ನೋಡಿದರು, ಕಂಡವರಿಗೆಲ್ಲಾ ಹೇಳಿದರು, ಮತ್ತೆ ತಮ್ಮ ಕುರಿಗಳ ಹತ್ತಿರ ಹೋದರು. ಕೆಲಸ ಬಿಡಲಿಲ್ಲ. ಹಾಡುತ್ತಾ ಹೋದರು ಅಷ್ಟೇ.

ಮತ್ತಾಯನ ಸುವಾರ್ತೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ಜನ ಸಿಗುತ್ತಾರೆ. ಜೋಯಿಸರು ಯೆರೂಸಲೇಮಿಗೆ ಬಂದು ಹುಟ್ಟಿದ ಅರಸ ಎಲ್ಲಿ ಅಂತ ಕೇಳುತ್ತಾರೆ. ಅಲ್ಲಿನ ಅರಸ ಹೆರೋದ ಶಾಸ್ತ್ರಿಗಳನ್ನು ಕರೆಸುತ್ತಾನೆ. ಅವರಿಗೆ ಉತ್ತರ ಬಾಯಿಪಾಠ. ಮೀಕನ ಪ್ರವಾದನೆ ಹೇಳಿ, ಬೇತ್ಲೆಹೇಮ್ ಅಂತ ಥಟ್ಟನೆ ತೋರಿಸುತ್ತಾರೆ. ಅಲ್ಲಿಂದ ಬೇತ್ಲೆಹೇಮಿಗೆ ಒಂಬತ್ತು ಹತ್ತು ಕಿಲೋಮೀಟರ್. ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಹೋಗಿಬರಬಹುದು. ಅವರಲ್ಲಿ ಒಬ್ಬರಾದರೂ ಹೋದರು ಅಂತ ಮತ್ತಾಯ ಬರೆಯುವುದಿಲ್ಲ. ದೂರದೇಶದಿಂದ ನಕ್ಷತ್ರ ನೋಡಿಕೊಂಡು ಬಂದವರು ಹೋದರು. ವಚನ ಗೊತ್ತಿದ್ದವರು ಮನೆಯಲ್ಲೇ ಉಳಿದರು. ನನಗೆ ಇಡೀ ಕ್ರಿಸ್ಮಸ್ ಕಥೆಯಲ್ಲಿ ಹೆರೋದನಿಗಿಂತ ಇವರನ್ನು ಕಂಡರೆ ಹೆದರಿಕೆ. ಯಾಕೆಂದರೆ ಹುಟ್ಟು ಕ್ರೈಸ್ತರಾದ ನಾವು ಆಗುವುದಾದರೆ ಇವರ ಹಾಗೆಯೇ ಆಗುತ್ತೇವೆ.

ಮಾತು ಒಂದೇ ಸಾಲದು

1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನುವ ಸಣ್ಣ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಒಂದು ಗೋದಲಿ ಮಾಡಿಸಿದರು. ಹುಲ್ಲು ತರಿಸಿದರು, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದರು. ಆ ಕೂಸು ಎಂಥ ಕೊರತೆಯಲ್ಲಿ ಹುಟ್ಟಿತು ಅನ್ನುವುದನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವರ ಆಸೆ. ಸುತ್ತಲಿನ ಜನ ಕೈಯಲ್ಲಿ ದೀವಟಿಗೆ ಹಿಡಿದು ಬಂದರು. ಓದು ಬಾರದ ರೈತನಿಗೂ, ಲ್ಯಾಟಿನ್ ಅರ್ಥವಾಗದ ಹೆಂಗಸಿಗೂ ಆ ರಾತ್ರಿ ಸುದ್ದಿ ಹುಲ್ಲಿನ ವಾಸನೆಯಲ್ಲಿ ಬಂತು. ಇವತ್ತು ನಮ್ಮ ಮನೆಗಳಲ್ಲಿ ಥರ್ಮೋಕೋಲ್ ಗುಡ್ಡ, ರಾಗಿ ಪೈರು, ಸೀರಿಯಲ್ ಲೈಟು ಇಟ್ಟು ಮಾಡುವ ಗೋದಲಿಗೂ ಆ ಗ್ರೆಚ್ಚೊ ಊರಿನದಕ್ಕೂ ನಂಟು ಇದೆ. ನಮ್ಮದರಲ್ಲಿ ಕೊರತೆ ಕಾಣುವುದಿಲ್ಲ ಅನ್ನುವುದೊಂದೇ ನನ್ನ ತಕರಾರು.

ಕನ್ನಡಕ್ಕೆ ಈ ಕಥೆ ಬಂದ ದಾರಿಯೂ ಸಲೀಸಾಗಿರಲಿಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಕೂತು ದುಡಿದದ್ದಕ್ಕೆ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ನಿಘಂಟಿನಿಂದ ನಮಗೆಲ್ಲಾ ಗೊತ್ತಿರುವ ಕಿಟ್ಟೆಲ್, 1894ರ ಆ ದೊಡ್ಡ ಕೆಲಸಕ್ಕೂ ಎಷ್ಟೋ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ಇಲ್ಲಿನ ಹಾಡಿನ ಧಾಟಿಗೆ ಹೊಂದುವ ಹಾಗೆ ಕನ್ನಡ ಪದ್ಯದಲ್ಲಿ ಬರೆದಿದ್ದರು. ಜರ್ಮನಿಯಿಂದ ಬಂದ ಮನುಷ್ಯ ಇಲ್ಲಿಯ ಜನ ಹೇಗೆ ಕಥೆ ಕೇಳುತ್ತಾರೆ ಅಂತ ಮೊದಲು ಕಲಿತು, ಆಮೇಲೆ ಬಾಯಿ ತೆರೆದರು. ಇವತ್ತು ನಮ್ಮ ಎಷ್ಟೋ ಸಭೆಗಳಲ್ಲಿ ಕ್ಯಾರಲ್ಸ್ ಇಂಗ್ಲಿಷಿಗೆ ಹೊರಳಿವೆ. ಹಾಡುವವರಿಗೆ ಸೊಗಸು, ಕಟ್ಟೆ ಮೇಲೆ ಕೂತವರಿಗೆ ಏನೂ ತಿಳಿಯುವುದಿಲ್ಲ. ಆ ಅಜ್ಜಿಯ ಮುಂದೆ ನಾವು ಇಂಗ್ಲಿಷಿನಲ್ಲಿ ಹಾಡಿ ಹೋಗಿದ್ದರೆ ಆಕೆ ಏನು ಕೇಳುತ್ತಿದ್ದಳು?

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಆಗ ಕ್ರೈಸ್ತರಾದವರನ್ನು ಎಷ್ಟೋ ಕಡೆ ಮನೆಯವರು ಹೊರಗೆ ಹಾಕಿದರು. ಹೊಲ ಹೋಯಿತು, ಕುಲಕಸುಬು ಹೋಯಿತು, ಬಾವಿಯ ನೀರೂ ಹೋಯಿತು. ಬರೀ ಬೋಧನೆ ಮಾಡಿ ಮುಂದಿನ ಊರಿಗೆ ಹೋಗುವ ಹಾಗಿರಲಿಲ್ಲ. ಮಿಶನ್ನಿನವರು ನೇಯ್ಗೆ ಶುರು ಮಾಡಿದರು, ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅವರ ಎಲ್ಲಾ ಕೆಲಸವನ್ನೂ ನಾನು ಒಪ್ಪುವುದಿಲ್ಲ. ಇಲ್ಲಿನ ಆಚಾರಗಳ ಬಗ್ಗೆ ಅವರು ಬರೆದ ಕೆಲವು ಮಾತು ಇವತ್ತು ಓದಿದರೂ ನೋವಾಗುತ್ತದೆ. ಆದರೆ ಒಂದು ಸುದ್ದಿಯನ್ನು ನಂಬಿ ಎಲ್ಲಾ ಕಳೆದುಕೊಂಡವರ ಪಕ್ಕ ನಿಲ್ಲಬೇಕು ಅನ್ನುವುದು ಅವರಿಗೆ ಅರ್ಥವಾಗಿತ್ತು. ಬಾಣಂತಿಗೆ ಶುಭಾಶಯ ಹೇಳಿ ಹೋದರೆ ಸಾಲದು, ಯಾರಾದರೂ ನೀರು ಕಾಸಬೇಕು.

ತಟ್ಟೆಯ ಜೊತೆ ಏನು ಹೋಗುತ್ತದೆ

ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ, ರವೆ ಉಂಡಿ. ಮಂಗಳೂರಿನ ಕಡೆ ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳು. ತಟ್ಟೆ ತುಂಬಿ, ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ ಕೊಟ್ಟು ಬರುವುದು ಮಕ್ಕಳ ಕೆಲಸ. ಯುಗಾದಿಗೆ, ದೀಪಾವಳಿಗೆ ಅವರ ಮನೆಯಿಂದ ಬಂದ ತಟ್ಟೆಗೆ ಇದು ಜವಾಬು. ಈ ಪದ್ಧತಿ ನನಗೆ ಬಹಳ ಇಷ್ಟ, ಇದು ಹೋಗಬಾರದು. ಆದರೆ ಪಕ್ಕದ ಮನೆಯವರು “ಏನ್ ವಿಶೇಷ?” ಅಂತ ಕೇಳಿದರೆ “ನಮ್ಮ ಹಬ್ಬ ರೀ” ಅಂತ ಹೇಳಿ ವಾಪಸ್ ಬರುತ್ತೇವೆ. ಹೇಳಲು ಬಾಯಿ ಬರುವುದಿಲ್ಲ. ಕಾರಣ ನನಗೂ ಗೊತ್ತು. ಧರ್ಮದ ವಿಷಯ ತೆಗೆದರೆ ಎಲ್ಲಿ ತಪ್ಪು ತಿಳಿದಾರೋ ಅನ್ನುವ ಭಯ. 2022ರಲ್ಲಿ ಕರ್ನಾಟಕದಲ್ಲಿ ಮತಾಂತರ ತಡೆಯುವ ಕಾನೂನು ಬಂದ ಮೇಲೆ ಈ ಹಿಂಜರಿಕೆ ಇನ್ನೂ ಜಾಸ್ತಿಯಾಯಿತು. ಬೀದಿಯಲ್ಲಿ ಹಾಡುತ್ತಾ ಹೋಗುವ ಮೊದಲಿನ ಧೈರ್ಯ ಈಗ ಎಲ್ಲಾ ಕಡೆ ಇಲ್ಲ.

ಒತ್ತಾಯ ಮಾಡಿಯೋ, ಆಸೆ ತೋರಿಸಿಯೋ ಯಾರನ್ನೂ ನಂಬಿಸಬಾರದು. ಇದು ಕಾನೂನಿನ ಭಯಕ್ಕೆ ಹೇಳುವ ಮಾತಲ್ಲ. ಆ ರಾತ್ರಿ ದೂತ ಕುರುಬರನ್ನು ಹಿಡಿದು ಎಳೆದುಕೊಂಡು ಹೋಗಲಿಲ್ಲ. ಹೇಳಿದ, ಹಾಡಿದ, ಹೋದ. ಹೋಗಿ ನೋಡೋಣ ಬನ್ನಿ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡವರು ಕುರುಬರು. ಆದರೆ ಹೇಳುವುದನ್ನೇ ಬಿಟ್ಟುಬಿಡುವುದು ಬೇರೆ. ಕೇಳಿದವರಿಗೆ ಎರಡು ಮಾತಿನಲ್ಲಿ ಹೇಳಬಹುದಲ್ಲ: ದೇವರು ನಮ್ಮ ಹಾಗೆ ಹಸಿವು, ಚಳಿ ಇರುವ ಮೈ ಹೊತ್ತು ಹುಟ್ಟಿದ ಅಂತ ನಾವು ನಂಬುತ್ತೇವೆ, ಅದಕ್ಕೇ ಈ ಖುಷಿ. ಇದಕ್ಕೆ ಯಾವ ನೆರೆಯವರೂ ಸಿಟ್ಟಾಗುವುದಿಲ್ಲ. ವರ್ಷಗಟ್ಟಲೆ ಪಕ್ಕದಲ್ಲಿ ಬದುಕಿದವರು ನಮ್ಮ ಮನಸ್ಸಿನೊಳಗೆ ಏನಿದೆ ಅಂತ ತಿಳಿಯಲು ಇಷ್ಟಪಡುತ್ತಾರೆ ಕೂಡ.

ಯಾರ ಕಡೆಯವರು

ಕೆಲವು ವರ್ಷಗಳ ಹಿಂದೆ ಅಪ್ಪ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿದ್ದರು. ಡಿಸೆಂಬರ್ 24ರ ರಾತ್ರಿ. ಜನರಲ್ ವಾರ್ಡು. ಪಕ್ಕದ ಮಂಚದಲ್ಲಿ ಕೊಪ್ಪಳದ ಕಡೆಯ ಒಬ್ಬ ಕೂಲಿಯವನು, ಕಾಲು ಮುರಿದಿತ್ತು. ಹತ್ತಿ ಬಿಡಿಸುವ ದಿನಗಳು. ಜೊತೆಗಿದ್ದ ಹೆಂಡತಿ ಒಂದೆರಡು ದಿನದ ಕೂಲಿಯಾದರೂ ಸಿಗಲಿ ಅಂತ ಊರಿಗೆ ಹೋಗಿದ್ದಳು. ಎದುರಿನ ಮಂಚಗಳಿಗೆಲ್ಲಾ ಸಂಜೆ ಬುತ್ತಿ ಬಂದಿತ್ತು, ಅವನಿಗೆ ಬಂದಿರಲಿಲ್ಲ. ನನ್ನ ತಂಗಿ ನಮ್ಮ ಡಬ್ಬಿಯಿಂದ ರೊಟ್ಟಿ ಕೊಟ್ಟಳು.

ರಾತ್ರಿ ನರ್ಸಿಂಗ್ ಓದುವ ಹುಡುಗಿಯರು ಒಂದಷ್ಟು ಜನ ಬಂದರು. ಮೈಕ್ ಇಲ್ಲ, ಸಾಂತಾ ಇಲ್ಲ. ನಿದ್ದೆ ಮಾಡುವವರು ಏಳದ ಹಾಗೆ ಮೆಲ್ಲಗೆ ಕನ್ನಡದಲ್ಲಿ ಹಾಡಿದರು. ಆ ಮನುಷ್ಯ ಮೊಣಕೈ ಊರಿ ಎದ್ದು ಅವರನ್ನೂ ನಮ್ಮನ್ನೂ ನೋಡಿ, “ಇವ್ರು ಯಾರ ಕಡೆಯವ್ರು?” ಅಂತ ಕೇಳಿದ. ಯಾರೋ ಪೇಷಂಟನ್ನು ನೋಡಲು ಬಂದಿದ್ದಾರೆ ಅಂದುಕೊಂಡಿದ್ದ. ಒಬ್ಬಳು ಹುಡುಗಿಗೆ ಅದು ಕೇಳಿಸಿತು. ಹತ್ತಿರ ಬಂದು, “ನಿಮ್ಮ ಕಡೆಯವ್ರ ರೀ ಕಾಕಾ” ಅಂದಳು. ಅವನು ನಕ್ಕ. ಅವಳು ಸ್ಟೂಲ್ ಎಳೆದು ಕೂತಳು. ದೇವರು ಮನುಷ್ಯ ಆಗಿ ಹುಟ್ಟಿದ ರಾತ್ರಿ ಇದು, ಅವನಿಗೂ ಇರಾಕ ಜಾಗ ಸಿಕ್ಕಿರಲಿಲ್ಲ, ದನದ ಗೋದಲಿಯೊಳಗ ಮಲಗಿಸಿದ್ರು, ನೀವು ಒಬ್ರ ಅದೀರಿ ಅಂತ ಗೊತ್ತಾತು, ಅದಕ್ಕ ಬಂದ್ವಿ. ಇಷ್ಟೇ ಹೇಳಿದ್ದು. ಆಮೇಲೆ ಅವನ ಖಾಲಿ ಬಾಟಲಿ ತೆಗೆದುಕೊಂಡು ಹೋಗಿ ಬಿಸಿನೀರು ತುಂಬಿ ತಂದಳು, ಜಾರಿದ ದಿಂಬು ಸರಿ ಮಾಡಿದಳು. ಗುಂಪು ಮುಂದಿನ ವಾರ್ಡಿಗೆ ಹೋದ ಮೇಲೂ ಅವನು ಅಪ್ಪನ ಹತ್ತಿರ ಕೇಳುತ್ತಲೇ ಇದ್ದ: ಗೋದಲಿಯೊಳಗ ಅಂದ್ರ ನಮ್ಮ ದನ ಮೇವು ತಿಂತಾವಲ್ಲ, ಅದರಾಗೇನ್ರೀ? ಆ ಕೂಸು ಮುಂದ ಏನಾತು? ಅಪ್ಪ ಮಾತು ಕಡಿಮೆಯ ಮನುಷ್ಯ, ಅವತ್ತು ಉಸಿರಾಡಲೂ ಕಷ್ಟ. ಆದರೂ ನಿಲ್ಲಿಸಿ ನಿಲ್ಲಿಸಿ ಶಿಲುಬೆಯ ತನಕ, ಬರಿದಾದ ಸಮಾಧಿಯ ತನಕ ಹೇಳಿದರು. ಸಿಸ್ಟರ್ ಬಂದು ಲೈಟ್ ಆಫ್ ಮಾಡಿದ ಮೇಲೂ ಹೇಳುತ್ತಿದ್ದರು.

ಈ ವರ್ಷ ನಮ್ಮ ಸಭೆಯಲ್ಲಿ ಕ್ಯಾರಲ್ಸ್ ಪಟ್ಟಿ ಮಾಡುವಾಗ ನಾನು ಒಂದು ಮಾತು ಇಟ್ಟಿದ್ದೇನೆ. ಪ್ರತಿ ಮನೆಯಲ್ಲೂ ಎರಡು ಹಾಡು, ಪ್ರಾರ್ಥನೆ, ಕೇಕು, ಫೋಟೋ ಅಂತ ಓಡುವುದು ಬೇಡ. ನಮ್ಮವರ ಮನೆಗಳನ್ನು ಸ್ವಲ್ಪ ಕಡಿಮೆ ಮಾಡೋಣ. ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡು, ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಪಾಳಿಯ ಡ್ರೈವರ್ ಕಂಡಕ್ಟರುಗಳು, ಅಪಾರ್ಟ್‌ಮೆಂಟುಗಳ ವಾಚ್‌ಮನ್‌ಗಳು, ಇವರನ್ನು ಪಟ್ಟಿಯಲ್ಲಿ ಮೇಲೆ ಹಾಕೋಣ. ಮೊದಲೇ ಕೇಳಿ, ಒಪ್ಪಿಗೆ ಪಡೆದು, ಗಲಾಟೆ ಇಲ್ಲದೆ, ಕನ್ನಡದಲ್ಲಿ. ಹೆರಿಗೆ ವಾರ್ಡಿಗೆ ಹೋಗುವಾಗ ಕೈಯಲ್ಲಿ ಕುಲಾವಿ, ದುಪಟಿ, ಫ್ಲಾಸ್ಕಿನಲ್ಲಿ ಬಿಸಿನೀರು. ಕೆಲವರು ಒಪ್ಪಿದ್ದಾರೆ. ಕೆಲವು ಹಿರಿಯರಿಗೆ ಬೇಸರವಾಗಿದೆ, ವರ್ಷಕ್ಕೊಮ್ಮೆ ಮನೆಗೆ ಬರುವುದನ್ನೂ ತಪ್ಪಿಸುತ್ತೀರಾ ಅಂತ. ಅವರ ಮಾತಿನಲ್ಲೂ ನ್ಯಾಯ ಇದೆ. ಒಂಟಿಯಾಗಿರುವ ಮುದುಕರ ಮನೆ ಬಿಡುವ ಹಾಗಿಲ್ಲ. ಅಡ್ವೆಂಟಿನ ಮೊದಲ ಭಾನುವಾರ ಆರಾಧನೆ ಮುಗಿದ ಮೇಲೆ ಮತ್ತೆ ಕೂತು ಮಾತಾಡುತ್ತೇವೆ. ಕುಲಾವಿ ಹೊಲಿಯಲು ಮಹಿಳಾ ಸಂಘದವರು ಆಗಲೇ ಬಟ್ಟೆ ತಂದಿದ್ದಾರೆ.